ಮಾತು ಆಡಿದ್ರೆ ಹೋಯ್ತು: ಬ್ಯಾರನ್ ಮುಂಚೌಸನ್ ಕೇಸು, ಶುರುವಿಂದ ಕೊನೇವರೆಗೆ

ಮುಂಚೌಸನ್ ಅಂದ್ರೆ ನಮ್ಮಲ್ಲಿ ಎರಡು ಥರದ ಜನ ತಲೆ ಆಡಿಸ್ತಾರೆ. ಚಿಕ್ಕೋರಿದ್ದಾಗ ಯಾವುದೋ ಮಕ್ಕಳ ಪುಸ್ತಕದಲ್ಲಿ ಫಿರಂಗಿ ಗುಂಡಿನ ಮೇಲೆ ಕುದುರೆ ಥರ ಕೂತು ಹಾರೋ ಮೀಸೆ ಮನುಷ್ಯನ್ನ ನೋಡಿರೋರು ಒಂದು ಗುಂಪು. ಮೆಡಿಕಲ್ ಓದಿರೋರು ಇನ್ನೊಂದು ಗುಂಪು, ಅವ್ರಿಗೆ ಅದು ಇಲ್ಲದ ಕಾಯಿಲೆ ಹೇಳ್ಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯೋ ಪೇಶೆಂಟ್‌ಗಳ ಸಿಂಡ್ರೋಮ್. ಈ ಎರಡೂ ಗುಂಪಿಗೂ ಹೇಳಿ ನೋಡಿ, ಆ ಹೆಸರಿನ ಮನುಷ್ಯ ನಿಜವಾಗ್ಲೂ ಇದ್ದ, ಅವನು ಬಾಯಲ್ಲಿ ಹೇಳಿದ ರೀಲುಗಳು ಅವನ ಹೆಸರಲ್ಲೇ ಪುಸ್ತಕವಾಗಿ ಅಚ್ಚಾದಾಗ ಅವನಿಗೆ 65 ವರ್ಷ, ಊರಲ್ಲೇ ಮನೇಲಿದ್ದ, ಯಾರೂ ಅವನ್ನ ಒಂದು ಮಾತು ಕೇಳಿರ್ಲಿಲ್ಲ ಅಂತ. ಅರ್ಧ ಜನ ನಂಬಲ್ಲ. ಅದೂ ಸರಿಯೇ ಅನ್ನಿ, ಮುಂಚೌಸನ್ ವಿಷಯದಲ್ಲಿ ಯಾರು ಏನು ಹೇಳಿದ್ರೂ ನಂಬದೇ ಇರೋದು ಈಗ ರೂಢಿ ಆಗ್ಬಿಟ್ಟಿದೆ.

ನಾನು ಇದನ್ನ ಒಂದು ಕೇಸ್ ಥರ ಬರೀತಿದೀನಿ, ಜೀವನಚರಿತ್ರೆ ಥರ ಅಲ್ಲ. ನನಗಿರೋ ಪ್ರಶ್ನೆ ಸಣ್ಣದು: ಊಟ ಆದ್ಮೇಲೆ ನೆಂಟರಿಷ್ಟರ ಮುಂದೆ ರೀಲು ಬಿಡೋದು ಎಲ್ಲಾ ಊರಲ್ಲೂ ಇದ್ದದ್ದೇ, ಎಲ್ಲಾ ಮನೇಲೂ ಅಂಥ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಇದ್ದೇ ಇರ್ತಾನೆ, ಅವರ್ಯಾರಿಗೂ ಆಗದೇ ಇರೋದು ಈ ಒಬ್ಬನಿಗೇ ಯಾಕಾಯ್ತು?

ಮೊದಲು ಮನುಷ್ಯನ ಪರಿಚಯ. ಪೂರ್ತಿ ಹೆಸರು ಹಿಯರೋನಿಮಸ್ ಕಾರ್ಲ್ ಫ್ರೀಡ್ರಿಕ್, ಮನೆತನ ಮುಂಚೌಸನ್. ಹುಟ್ಟಿದ್ದು 1720ರ ಮೇ 11, ವೇಸರ್ ನದಿ ದಡದ ಬೋಡೆನ್‌ವೆರ್ಡರ್ ಅನ್ನೋ ಪುಟ್ಟ ಊರಲ್ಲಿ. ಆ ಊರಿನ ಹೆಸರಲ್ಲಿರೋ 'ವೆರ್ಡರ್' ಅಂದ್ರೆ ನದಿ ನಡುವಿನ ನಡುಗಡ್ಡೆ ಅಂತ ಅರ್ಥ. ಜರ್ಮನಿ ಅನ್ನೋ ಒಂದು ದೇಶ ಆಗ ಇರ್ಲಿಲ್ಲ, ಮುನ್ನೂರು ಚಿಲ್ಲರೆ ಸಂಸ್ಥಾನಗಳಿದ್ವು, ಅದರಲ್ಲಿ ಇವನ ಊರು ಬರೋದು ಹ್ಯಾನೋವರ್ ಸಂಸ್ಥಾನಕ್ಕೆ. ಹ್ಯಾನೋವರ್ ದೊರೆ 1714ರಿಂದ ಇಂಗ್ಲೆಂಡಿನ ರಾಜನೂ ಆಗಿದ್ದ, ಜಾರ್ಜ್‌ಗಳ ಸಾಲು ಅಂತ ಓದಿರ್ತೀವಲ್ಲ, ಅವರೇ. ಅಂದ್ರೆ ಲಂಡನ್ನಿನ ಅಂಗಡಿಯವನಿಗೂ ಬೋಡೆನ್‌ವೆರ್ಡರ್‌ನ ಬ್ಯಾರನ್‌ಗೂ ರಾಜ ಒಬ್ಬನೇ. ಇದನ್ನ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇನ್ನು 'ಬ್ಯಾರನ್' ಅಂದ ತಕ್ಷಣ ದೊಡ್ಡ ಕೋಟೆ, ನೂರಾರು ಆಳು ಅಂತೆಲ್ಲಾ ಅಂದ್ಕೋಬೇಡಿ. ಅಲ್ಲಿನ ಪದ 'ಫ್ರೈಹೆರ್', ಇಂಗ್ಲಿಷ್‌ಗೆ ಹೋದಾಗ ಬ್ಯಾರನ್ ಆಯ್ತು. ಇಂಗ್ಲೆಂಡಲ್ಲಿ ಪದವಿ ಹಿರಿ ಮಗನಿಗೆ ಮಾತ್ರ ಹೋಗುತ್ತೆ, ಆದ್ರೆ ಜರ್ಮನ್ ಕಡೆ ಸಾಮಾನ್ಯವಾಗಿ ಎಲ್ಲಾ ಮಕ್ಕಳಿಗೂ ಪದವಿ ಬರೋದು, ಜಮೀನು ಮಾತ್ರ ಪಾಲಾಗ್ತಾ ಪಾಲಾಗ್ತಾ ಸಣ್ಣದಾಗೋದು. ಹಂಗಾಗಿ ಹೆಸರಿಗೆ ಮುಂದೆ 'ಫಾನ್' ಅಂತ ಹಾಕ್ಕೊಂಡು ಕೈಯಲ್ಲಿ ಕಾಸಿಲ್ಲದೆ ಓಡಾಡೋ ಹುಡುಗರು ಆ ಕಾಲದಲ್ಲಿ ಬೇಕಾದಷ್ಟು. ವ್ಯಾಪಾರ ಮಾಡಿದ್ರೆ ಮರ್ಯಾದೆಗೆ ಕಮ್ಮಿ, ಉಳಿದಿದ್ದು ಎರಡೇ ದಾರಿ: ಯಾವುದಾದ್ರೂ ರಾಜನ ಆಸ್ಥಾನ, ಇಲ್ಲಾ ಯಾರದಾದ್ರೂ ಸೈನ್ಯ. ಯಾರ ಸೈನ್ಯ ಅನ್ನೋದು ದೊಡ್ಡ ಪ್ರಶ್ನೆಯೇ ಅಲ್ಲ. (ಇದೇ ಹ್ಯಾನೋವರ್‌ನಿಂದ 1782ರಲ್ಲಿ ಎರಡು ರೆಜಿಮೆಂಟು ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಮದ್ರಾಸಿಗೆ ಬಂದಿಳಿದ್ವು, 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರ ಮೇಲೂ ಅವರ ಜೊತೆಗಿದ್ದ ಮೈಸೂರು ಪಡೆ ಮೇಲೂ ಕಾದಾಡಿದ್ವು. ಆ ರೆಜಿಮೆಂಟಲ್ಲಿ ಬಂದಿದ್ದ ಕಾರ್ಲ್ ಆಗಸ್ಟ್ ಶ್ಲೇಗಲ್ ಅನ್ನೋ ಆಫೀಸರ್, ಮುಂದೆ ಜರ್ಮನ್ ಸಾಹಿತ್ಯದಲ್ಲಿ ಹೆಸರು ಮಾಡಿದ ಶ್ಲೇಗಲ್ ಸಹೋದರರ ಅಣ್ಣ, 1789ರಲ್ಲಿ ಮದ್ರಾಸಲ್ಲೇ ತೀರ್ಕೊಂಡ. ಹೈದರಾಲಿ, ಟಿಪ್ಪು ಎದುರು ನಿಂತ ಕೆಂಪು ಕೋಟುಗಳೆಲ್ಲಾ ಇಂಗ್ಲಿಷರದ್ದೇ ಅಲ್ಲ ಅಂತ ಹೇಳೋಕೆ ಈ ಮಾತು.)

ಮುಂಚೌಸನ್‌ಗೆ ಬರೀ ನಾಲ್ಕು ವರ್ಷ ಆಗಿದ್ದಾಗ ಅಪ್ಪ ಹೋದ. ಮನೆ ತುಂಬಾ ಒಡಹುಟ್ಟಿದವರು. ಹದಿಹರೆಯದಲ್ಲೇ ಹುಡುಗನ್ನ ಬ್ರೌನ್‌ಷ್ವೈಗ್-ವೋಲ್ಫನ್‌ಬ್ಯೂಟೆಲ್ ಆಸ್ಥಾನಕ್ಕೆ ಪೇಜ್ ಆಗಿ ಕಳಿಸಿದ್ರು, ಪೇಜ್ ಅಂದ್ರೆ ದೊಡ್ಡ ಮನೆತನದ ಹುಡುಗನೇ ರಾಜಮನೆತನದವರ ಹಿಂದೆಮುಂದೆ ಓಡಾಡ್ಕೊಂಡು ಚಾಕರಿ ಮಾಡ್ತಾ ಆಸ್ಥಾನದ ರೀತಿ ರಿವಾಜು ಕಲಿಯೋದು. ಅಲ್ಲಿನ ರಾಜಕುಮಾರ ಆಂಟನ್ ಉಲ್ರಿಶ್‌ಗೆ ರಷ್ಯಾದ ರಾಜಮನೆತನದ ಹುಡುಗಿ ಆನಾ ಲಿಯೋಪೋಲ್ಡೋವ್ನಾ ಜೊತೆ ಸಂಬಂಧ ಕುದುರಿತ್ತು, ಅವನು ಆಗಲೇ ರಷ್ಯಾದಲ್ಲಿದ್ದ, 1730ರ ದಶಕದ ಕೊನೆಗೆ ನಮ್ಮ ಹುಡುಗನೂ ಅವನ ಕಡೆಯವನಾಗಿ ಅಲ್ಲಿಗೆ ಹೋದ. ಆಗ ರಷ್ಯಾ ತುರ್ಕರ ಜೊತೆ ಯುದ್ಧದಲ್ಲಿತ್ತು. 1739ರಲ್ಲಿ ರಾಜಕುಮಾರನ ಮದುವೆಯೂ ಆಯ್ತು, ಮುಂಚೌಸನ್ ಆಸ್ಥಾನದ ಚಾಕರಿ ಬಿಟ್ಟು ರಾಜಕುಮಾರನದ್ದೇ ಹೆಸರಿನ ಬ್ರೌನ್‌ಷ್ವೈಗ್ ಕ್ಯುರಾಸಿಯರ್ ಅನ್ನೋ ಕುದುರೆ ರೆಜಿಮೆಂಟಿಗೆ ಕಾರ್ನೆಟ್ ಆಗಿ ಸೇರಿದ್ದೂ ಅದೇ ವರ್ಷ. ಕಾರ್ನೆಟ್ ಅಂದ್ರೆ ಕುದುರೆ ಪಡೆಯ ಆಫೀಸರ್‌ಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ರೆಜಿಮೆಂಟು ಇದ್ದಿದ್ದು ರಿಗಾದಲ್ಲಿ, ಈಗಿನ ಲಾಟ್ವಿಯಾ ರಾಜಧಾನಿ.

ಈ ಒಂದು ನಿರ್ಧಾರ ಅವನ ತಲೆ ಉಳಿಸ್ತು ಅನ್ಸುತ್ತೆ ನನಗೆ.

ಯಾಕಂದ್ರೆ ಮುಂದೆ ಆಗಿದ್ದು ನೋಡಿ. 1740ರಲ್ಲಿ ಆಂಟನ್ ಉಲ್ರಿಶ್ ದಂಪತಿಗೆ ಗಂಡು ಮಗು ಆಯ್ತು, ಎರಡೇ ತಿಂಗಳಲ್ಲಿ ಆ ಕೂಸನ್ನೇ ಆರನೇ ಇವಾನ್ ಅಂತ ರಷ್ಯಾದ ಚಕ್ರವರ್ತಿ ಮಾಡಿದ್ರು, ನವೆಂಬರ್‌ನಲ್ಲಿ ತಾಯಿ ಮಗನ ಪರವಾಗಿ ಆಡಳಿತ ಕೈಗೆ ತಗೊಂಡ್ಳು, ಅಪ್ಪ ಸೈನ್ಯದ ಮುಖ್ಯಸ್ಥ ಆದ. ಅದೇ ನವೆಂಬರ್‌ನಲ್ಲಿ ಮುಂಚೌಸನ್‌ಗೂ ಲೆಫ್ಟಿನೆಂಟ್ ಬಡ್ತಿ ಬಂತು. ಇಪ್ಪತ್ತು ವರ್ಷದ ಹುಡುಗ, ಯಜಮಾನನ ಮಗ ಚಕ್ರವರ್ತಿ, ಇನ್ನೇನು ಬೇಕು. ಒಂದೇ ವರ್ಷ. 1741ರ ಕೊನೆಗೆ ಪೀಟರ್ ದಿ ಗ್ರೇಟ್‌ನ ಮಗಳು ಎಲಿಜಬೆತ್ ರಾತ್ರೋರಾತ್ರಿ ಕಾವಲು ಪಡೆ ಕಟ್ಕೊಂಡು ಬಂದು ಸಿಂಹಾಸನ ಕಿತ್ಕೊಂಡ್ಳು. ಕೂಸು, ತಾಯಿ, ತಂದೆ ಎಲ್ರೂ ಬಂಧನ. ಮೊದಲು ಅವರನ್ನ ಜರ್ಮನಿಗೆ ಕಳಿಸ್ತೀವಿ ಅಂದು ಹೊರಡಿಸಿ ಆಮೇಲೆ ಮನಸ್ಸು ಬದಲಾಯಿಸಿ ನಡುದಾರೀಲಿ ತಡೆದು ಹಿಡಿದಿಟ್ಟಿದ್ದು ಎಲ್ಲಿ ಗೊತ್ತಾ, ರಿಗಾದಲ್ಲಿ, ಮುಂಚೌಸನ್ ರೆಜಿಮೆಂಟ್ ಇದ್ದ ಊರಲ್ಲೇ. ಆಮೇಲೆ ಉತ್ತರದ ಖೋಲ್ಮೊಗೊರಿಗೆ ಸಾಗಿಸಿದ್ರು. ಆನಾ ಅಲ್ಲೇ 1746ರಲ್ಲಿ ಹೋದ್ಳು, ಆಂಟನ್ ಉಲ್ರಿಶ್ 1774ರ ತನಕ ಬಂಧನದಲ್ಲೇ ಕೊಳೆತು ಸತ್ತ, ಆ ಕೂಸು ಚಕ್ರವರ್ತಿಯನ್ನ ದೊಡ್ಡವನಾದ್ಮೇಲೂ ಕತ್ತಲ ಕೋಣೇಲೇ ಇಟ್ಟು 1764ರಲ್ಲಿ ಕಾವಲಿನವರೇ ಕೊಂದ್ರು.

ಮುಂಚೌಸನ್ ಇನ್ನೂ ರಾಜಕುಮಾರನ ಮನೆ ಚಾಕರಿಯಲ್ಲೇ ಇದ್ದಿದ್ರೆ ಅವನ ಗತಿ ಏನಾಗ್ತಿತ್ತೋ. ರೆಜಿಮೆಂಟಲ್ಲಿ ಇದ್ದಿದ್ದಕ್ಕೆ ಸೈಬೀರಿಯಾ ತಪ್ತು, ಆದ್ರೆ ಬಡ್ತಿ ನಿಂತೋಯ್ತು. ಲೆಫ್ಟಿನೆಂಟ್ ಆಗಿದ್ದು 1740ರಲ್ಲಿ, ಅದರ ಮೇಲಿನ ರಿಟ್‌ಮೈಸ್ಟರ್, ಅಂದ್ರೆ ಕುದುರೆ ಪಡೆ ಕ್ಯಾಪ್ಟನ್, ಆಗಿದ್ದು 1750ರಲ್ಲಿ. ಪೂರ್ತಿ ಹತ್ತು ವರ್ಷ. ಬಿದ್ದ ಮರದ ಕೊಂಬೆ ಹಿಡ್ಕೊಂಡಿದ್ದೋನಿಗೆ ಯಾರು ಏಣಿ ಕೊಡ್ತಾರೆ.

ಕುತೂಹಲದ ವಿಷಯ ಅಂದ್ರೆ ಈ ಹತ್ತು ವರ್ಷದ ಬಗ್ಗೆ ಅವನ ಹೆಸರಿನ ಕತೆಗಳಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಆ ಕ್ರಾಂತಿಯ ಹೆಸರೆತ್ತಿ ಒಂದೇ ಸಾಲಲ್ಲಿ ದಾಟಿಹೋಗುತ್ತೆ. ಕಣ್ಣೆದುರೇ ಒಂದು ರಾಜವಂಶ ಮುಳುಗೋದನ್ನ ನೋಡಿದ ಮನುಷ್ಯ, ಕತೆ ಹೇಳೋವಾಗ ಬರೋದು ಮಾತ್ರ ಹಿಮ, ತೋಳ, ಕುದುರೆ, ಬಾತುಕೋಳಿ. ಹೇಳಬಾರದ್ದು ಜಾಸ್ತಿ ಇದ್ದೋನೇ ಇಲ್ಲದ್ದನ್ನ ಅಷ್ಟು ಚೆನ್ನಾಗಿ ಹೇಳ್ತಾನೆ ಅಂತ ನನಗೊಂದು ಗುಮಾನಿ, ಇದಕ್ಕೆ ಆಧಾರ ಕೇಳ್ಬೇಡಿ.

1744ರ ಚಳಿಗಾಲದಲ್ಲಿ ಎರಡು ಘಟನೆ. ರಿಗಾ ದಾಟಿ ಪೀಟರ್ಸ್‌ಬರ್ಗ್ ಕಡೆ ಹೋಗ್ತಿದ್ದ ಹದಿನಾಲ್ಕು ವರ್ಷದ ಜರ್ಮನ್ ಹುಡುಗಿಯೊಬ್ಬಳಿಗೆ ಗೌರವ ಕಾವಲು ಕೊಟ್ಟ ತಂಡಕ್ಕೆ ಮುಂಚೌಸನ್ ಮುಖ್ಯಸ್ಥ. ಆ ಹುಡುಗಿ ಸೋಫಿ, ಮುಂದೆ ಕ್ಯಾಥರೀನ್ ದಿ ಗ್ರೇಟ್. ಇದು ನಿಜ ಸ್ವಾಮಿ, ರೀಲಲ್ಲ. ಇನ್ನೊಂದು ಅವನ ಮದುವೆ. ರಿಗಾದಿಂದ ಉತ್ತರಕ್ಕೆ ಡುಂಟೆ ಅನ್ನೋ ಕಡೆಯ ಜಮೀನ್ದಾರಿ ಮನೆತನದ ಯಾಕೊಬಿನೆ ಫಾನ್ ಡುಂಟನ್ ಜೊತೆ ಫೆಬ್ರವರಿ ತಿಂಗಳಲ್ಲಿ, ಪೆರ್ನಿಗೆಲ್ ಚರ್ಚಲ್ಲಿ, ಈಗ ಆ ಊರಿಗೆ ಲೀಪುಪೆ ಅಂತಾರೆ. ನಲವತ್ತಾರು ವರ್ಷದ ದಾಂಪತ್ಯ. ಮಕ್ಕಳಾಗ್ಲಿಲ್ಲ. ಕೇಸಿನಲ್ಲಿ ಇದೂ ಮುಖ್ಯ.

1750ರಲ್ಲಿ ಆಸ್ತಿ ಪಾಲು ವಿಚಾರಕ್ಕೆ ರಜೆ ಹಾಕಿ ಹೆಂಡತಿ ಜೊತೆ ಊರಿಗೆ ಬಂದ. ಮತ್ತೆ ಹೋಗ್ಲೇ ಇಲ್ಲ. ಕೊನೆಗೆ ರೆಜಿಮೆಂಟಿನವರು ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ರು. ಅಂದ್ರೆ 76 ವರ್ಷದ ಬದುಕಲ್ಲಿ ರಷ್ಯಾದ್ದು ಹನ್ನೆರಡು ವರ್ಷ ಚಿಲ್ಲರೆ, ಬೋಡೆನ್‌ವೆರ್ಡರ್‌ದ್ದು ವಾಪಸ್ ಬಂದ್ಮೇಲೆನೇ ನಲವತ್ತಾರು ವರ್ಷ. ಬೇಟೆ, ಕುದುರೆ, ನಾಯಿ, ಗೇಣಿ ಲೆಕ್ಕ. ನಡುವೆ ಏಳು ವರ್ಷದ ಯುದ್ಧ ಬಂತು, 1757ರಲ್ಲಿ ಹಾಮೆಲ್ನ್ ಹತ್ರ ಹಾಸ್ಟೆನ್‌ಬೆಕ್‌ನಲ್ಲಿ ಫ್ರೆಂಚರು ಗೆದ್ದು ಹ್ಯಾನೋವರ್ ಸೀಮೆಯಲ್ಲೆಲ್ಲಾ ಹರಡ್ಕೊಂಡ್ರು, ಅದೂ ಮುಗೀತು. ಯುದ್ಧ ನಿಂತ 1763ರಲ್ಲಿ ನದಿ ಆಚೆ ದಡದ ಗುಡ್ಡದ ಮೇಲೆ ಒಂದು ತೋಟದ ಮನೆ ಕಟ್ಟಿಸಿದ, ಕೆಳಗೆ ಗುಹೆ ಥರ ಮಾಡಿಸಿದ್ದಕ್ಕೆ ಅದನ್ನ ಗ್ರೊಟ್ಟೋ ಅಂತಾರೆ, ಇವತ್ತಿಗೂ ಇದೆ.

ಅಲ್ಲೇ ಶುರುವಾಗೋದು ಅಸಲಿ ಕೇಸು.

ಸಂಜೆ ಬೇಟೆ ಮುಗಿಸಿ ಬಂದ ಸ್ನೇಹಿತರು, ಊಟ, ಕುಡಿತ, ಪೈಪು, ಆಮೇಲೆ ಬ್ಯಾರನ್ ಬಾಯಿ ಬಿಡೋದು. ರಷ್ಯಾದಲ್ಲಿ ಒಂದ್ಸಲ ರಾತ್ರಿ ಎಲ್ಲಾ ಕಡೆ ಹಿಮ, ಊರು ಕಾಣ್ತಿಲ್ಲ, ಹಿಮದಿಂದ ಚಾಚ್ಕೊಂಡಿದ್ದ ಒಂದು ಮೋಟು ಗೂಟಕ್ಕೆ ಕುದುರೆ ಕಟ್ಟಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಹಿಮ ಕರಗಿ ನಾನು ಚರ್ಚ್ ಅಂಗಳದಲ್ಲಿದೀನಿ, ಕುದುರೆ ಗೋಪುರದ ತುದೀಲಿ ನೇತಾಡ್ತಿದೆ. ಇನ್ನೊಂದ್ಸಲ ಗುಂಡು ಖಾಲಿಯಾಗಿತ್ತು, ಜಿಂಕೆ ಹಣೆಗೆ ಚೆರ್ರಿ ಬೀಜ ತುಂಬಿ ಹೊಡೆದೆ, ಒಂದೆರಡು ವರ್ಷ ಬಿಟ್ಟು ಅದೇ ಜಿಂಕೆ ಸಿಕ್ತು, ಕೊಂಬಿನ ನಡುವೆ ಚೆರ್ರಿ ಮರ. ಇದರಲ್ಲಿ ಎಷ್ಟೋ ಕತೆಗಳು ಇವನದ್ದೇ ಅಲ್ಲ, ಬೇಟೆಗಾರರು ಸೈನಿಕರು ತಲೆಮಾರುಗಳಿಂದ ಹೇಳ್ಕೊಂಡು ಬಂದಿರೋವು. ಇವನದ್ದು ಅಂತ ಇದ್ದಿದ್ದು ಹೇಳೋ ಶೈಲಿ. ನಗ್ತಿರ್ಲಿಲ್ಲ, ಕಣ್ಣು ಮಿಟುಕಿಸ್ತಿರ್ಲಿಲ್ಲ, ಗೇಣಿ ಲೆಕ್ಕ ಒಪ್ಪಿಸೋ ಗಾಂಭೀರ್ಯದಲ್ಲಿ ಹೇಳೋನು ಅಂತ ಕೇಳಿದೋರು ಬರೆದಿಟ್ಟಿದಾರೆ. ಕೇಳೋರಿಗೂ ಗೊತ್ತು ಇದು ರೀಲು ಅಂತ, ಹೇಳೋನಿಗೂ ಗೊತ್ತು ಅವರಿಗೆ ಗೊತ್ತು ಅಂತ. ತಾನು ಸುಳ್ಳ ಅನ್ನೋ ಭಾವನೆ ಆ ಕೋಣೇಲಿ ಯಾರಿಗೂ ಇಲ್ಲ. ಬಡಾಯಿ ಕೊಚ್ಚೋ ಅತಿಥಿ ಯಾರಾದ್ರೂ ಬಂದ್ರೆ ಅವನ ಬಾಯಿ ಮುಚ್ಚಿಸೋಕೂ ಇದೇ ಮದ್ದು, ಅವನು ಒಂದು ಹೇಳಿದ್ರೆ ಇವನು ಅದರ ಹತ್ತರಷ್ಟು.

ನನ್ನ ಪ್ರಕಾರ ಕೇಸಿನ ಗಂಟು ಇರೋದು ಇಲ್ಲೇ. ಇವನ ಎಲ್ಲಾ ಕತೆ 'ನಾನು' ಅಂತ ಶುರುವಾಗುತ್ತೆ. 'ಒಬ್ಬ ರಾಜ ಇದ್ದ' ಅಂದಿದ್ರೆ ಯಾರಿಗೂ ತೊಂದರೆ ಇರ್ಲಿಲ್ಲ. ಕೋಣೆಯೊಳಗೆ 'ನಾನು' ಅಂದ್ರೆ ತಮಾಷೆ, ಯಾಕಂದ್ರೆ ಮುಖ ಕಾಣುತ್ತೆ, ಮನುಷ್ಯ ಗೊತ್ತು. ಅದೇ 'ನಾನು' ಹಾಳೆ ಮೇಲೆ ಹೋದ್ರೆ, ಓದೋನು ಬ್ಯಾರನ್ ಮುಖಾನೇ ನೋಡಿಲ್ಲ, ಅವನಿಗೆ ಕಾಣೋದು ಬರೀ ಸುಳ್ಳ.

1781ರಲ್ಲಿ ಬರ್ಲಿನ್ನಿನಲ್ಲಿ ನಗೆಹನಿಗಳ ಒಂದು ಸಂಕಲನ ಬಂತು, ತಮಾಷೆ ಜನರ ಕೈಪಿಡಿ ಅನ್ನೋ ಅರ್ಥದ ಹೆಸರು. ಅದರಲ್ಲಿ ಒಂದು ಡಜನ್‌ಗೂ ಹೆಚ್ಚು ಕತೆ ಇವನ ಹೆಸರಲ್ಲಿ, 1783ರ ಮುಂದಿನ ಸಂಪುಟದಲ್ಲಿ ಇನ್ನೆರಡು. ಬರೆದೋನ ಹೆಸರಿಲ್ಲ. ಬ್ಯಾರನ್ ಹೆಸರನ್ನೂ ಪೂರ್ತಿ ಹಾಕಿಲ್ಲ, ಸ್ವರಾಕ್ಷರ ತೆಗೆದು ನಡುವೆ ಗೀಟು ಹಾಕಿ ಬರೀ ವ್ಯಂಜನ ಬಿಟ್ಟಿದಾರೆ. ಈಗಿನ ಕಾಲದಲ್ಲಿ ಕೆಟ್ಟ ಮಾತಿಗೆ ನಕ್ಷತ್ರ ಚಿಹ್ನೆ ಹಾಕ್ತೀವಲ್ಲ, ಆ ಥರ, ಯಾರು ಅಂತ ಎಲ್ರಿಗೂ ಗೊತ್ತಾಗುತ್ತೆ ಆದ್ರೆ ಹಾಕಿಲ್ಲ ಅಂತ ವಾದ ಮಾಡ್ಬಹುದು.

ಇಷ್ಟಕ್ಕೇ ನಿಂತಿದ್ರೆ ಹ್ಯಾನೋವರ್ ಸುತ್ತಮುತ್ತ ನಾಲ್ಕು ಜನ ನಕ್ಕು ಮರೀತಿದ್ರು. ಆಗ ಬಂದ ರುಡಾಲ್ಫ್ ಎರಿಶ್ ರಾಸ್ಪೆ. ಈ ಆಸಾಮಿಯದ್ದೇ ಬೇರೆ ಕೇಸ್ ಸ್ಟಡಿ ಬರೀಬಹುದು. 1736ರಲ್ಲಿ ಹ್ಯಾನೋವರ್‌ನಲ್ಲಿ ಹುಟ್ಟಿದೋನು, ಮಹಾ ಓದುಗ, ತತ್ವಜ್ಞಾನಿ ಲೈಬ್ನಿಟ್ಸ್‌ನ ಅಚ್ಚಾಗದೇ ಉಳಿದಿದ್ದ ಬರಹಗಳನ್ನ 1765ರಲ್ಲಿ ಹೊರಗೆ ತಂದೋನು, ಭೂವಿಜ್ಞಾನ ಬರೆದು ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆದೋನು. ಕಾಸೆಲ್‌ನಲ್ಲಿ ಅಲ್ಲಿನ ದೊರೆಯ ನಾಣ್ಯ, ರತ್ನಗಳ ಸಂಗ್ರಹಕ್ಕೆ ಮೇಲ್ವಿಚಾರಕ. ಬೇಲಿನೇ ಎದ್ದು ಹೊಲ ಮೇಯ್ತು. ಸಾಲ ತೀರಿಸೋಕೆ ಸಂಗ್ರಹದ ಮಾಲನ್ನೇ ಕದ್ದು ಅಡ ಇಟ್ಟು, 1775ರಲ್ಲಿ ಸಿಕ್ಕಿಬಿದ್ದು, ಇಂಗ್ಲೆಂಡಿಗೆ ಓಡಿಹೋದ. ರಾಯಲ್ ಸೊಸೈಟಿ ಹೊರಗೆ ಹಾಕ್ತು. ಆಮೇಲೆ ಕಾರ್ನ್‌ವಾಲ್ ಗಣಿಗಳಲ್ಲಿ ಅದಿರು ಪರೀಕ್ಷೆ ಕೆಲಸ ಮಾಡ್ಕೊಂಡಿದ್ದ. ಅಲ್ಲಿ ಕೂತು ಬರ್ಲಿನ್ ಸಂಕಲನದ ಕತೆಗಳನ್ನ ಇಂಗ್ಲಿಷಿಗೆ ಇಳಿಸಿ ಒಂದಕ್ಕೊಂದು ಪೋಣಿಸಿ ಸುಮಾರು ಐವತ್ತು ಪುಟದ ಪುಸ್ತಿಕೆ ಮಾಡ್ದ. 1785ರ ಕೊನೆಗೆ ಲಂಡನ್ನಲ್ಲಿ ಬಂತು, ಬೆಲೆ ಒಂದು ಶಿಲ್ಲಿಂಗ್. ಅದರ ಮೇಲೆ ರಾಸ್ಪೆ ಹೆಸರಿಲ್ಲ. ಮುಂಚೌಸನ್ ಹೆಸರು ಮಾತ್ರ, ಗೀಟು ಗಾಟು ಏನಿಲ್ಲ, ಪೂರ್ತಿಯಾಗಿ ಇದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ.

ಯಾಕೆ ಹೀಗ್ಮಾಡ್ದ ಅಂದ್ರೆ ದ್ವೇಷ ಏನಿಲ್ಲ. ಹೊಟ್ಟೆಪಾಡು. ಅವನ ದೃಷ್ಟೀಲಿ ದೂರದ ಜರ್ಮನ್ ಬ್ಯಾರನ್ ಒಬ್ಬ ಇಂಗ್ಲಿಷ್ ಓದುಗನಿಗೆ ಕಾಲ್ಪನಿಕ ಪಾತ್ರವೇ, ನಿಜವಾಗ್ಲೂ ಇದಾನೋ ಇಲ್ವೋ ಯಾರು ಕೇಳ್ತಾರೆ. ಪುಸ್ತಕ ಓಡ್ತು. ಮರುಮುದ್ರಣದ ಮೇಲೆ ಮರುಮುದ್ರಣ, ಪ್ರತಿ ಸಲ ಇನ್ನಷ್ಟು ಕತೆ, ಸಮುದ್ರ ಯಾನ, ಚಂದ್ರನ ಯಾನ, ಆ ಹೊಸ ಕತೆಗಳು ಬೋಡೆನ್‌ವೆರ್ಡರ್ ಮುಖಾನೇ ನೋಡಿರ್ಲಿಲ್ಲ.

ಇಂಗ್ಲಿಷಲ್ಲೇ ಉಳಿದಿದ್ರೂ ಬ್ಯಾರನ್ ಪಾರಾಗ್ತಿದ್ದ. ಆದ್ರೆ ರಾಜ ಒಬ್ಬನೇ ಅಂದೆನಲ್ಲ, ಲಂಡನ್‌ಗೂ ಹ್ಯಾನೋವರ್‌ಗೂ ಪುಸ್ತಕ, ಪತ್ರಿಕೆ, ಜನ ದಿನಾ ಓಡಾಡೋರು, ಎಲ್ಲಕ್ಕಿಂತ ಜಾಸ್ತಿ ಗ್ಯೋಟಿಂಗನ್ ಯೂನಿವರ್ಸಿಟಿಗೆ. ಅಲ್ಲಿ ಗಾಟ್‌ಫ್ರೀಡ್ ಆಗಸ್ಟ್ ಬ್ಯೂರ್ಗರ್ ಅನ್ನೋ ಕವಿ ಪಾಠ ಹೇಳ್ಕೊಂಡಿದ್ದ, ಒಳ್ಳೇ ಹೆಸರಿದ್ದ ಕವಿ, ಸಂಬಳ ಮಾತ್ರ ಇಲ್ಲ. ಅವನ ಕೈಗೆ ಪುಸ್ತಿಕೆ ಸಿಕ್ತು. 1786ರಲ್ಲೇ ವಾಪಸ್ ಜರ್ಮನ್‌ಗೆ ತಂದ, ಬರೀ ಅನುವಾದ ಅಲ್ಲ, ತನ್ನ ಕಡೆಯಿಂದಾನೂ ಸೇರಿಸ್ದ. ಕೆಸರಲ್ಲಿ ಕುದುರೆ ಸಮೇತ ಮುಳುಗ್ತಿದ್ದಾಗ ತನ್ನ ಜುಟ್ಟು ತಾನೇ ಹಿಡಿದು ಮೇಲಕ್ಕೆ ಎತ್ಕೊಂಡಿದ್ದು, ಫಿರಂಗಿ ಗುಂಡಿನ ಸವಾರಿ, ನಮಗೆ ಇವತ್ತು ಮುಂಚೌಸನ್ ಅಂದ ತಕ್ಷಣ ನೆನಪಾಗೋ ಈ ಎರಡೂ ಬ್ಯೂರ್ಗರ್ ಕೂಡಿಸಿದ್ದು. ಬ್ಯಾರನ್ ಅದನ್ನ ಹೇಳೇ ಇಲ್ಲ. ಪುಸ್ತಕದ ಮೇಲೆ ಬ್ಯೂರ್ಗರ್ ಹೆಸರೂ ಇಲ್ಲ. ಅಚ್ಚಾಗಿದ್ದು ಗ್ಯೋಟಿಂಗನ್‌ನಲ್ಲೇ, ಮುಖಪುಟದ ಮೇಲೆ ಹಾಕಿದ್ದು ಲಂಡನ್ ಅಂತ. ಸುಳ್ಳಿನ ಬ್ಯಾರನ್ ಬಗ್ಗೆ ಪುಸ್ತಕ, ಮೊದಲ ಪುಟದ ವಿಳಾಸವೇ ಸುಳ್ಳು. ಇದಕ್ಕಿಂತ ದೊಡ್ಡ ತಮಾಷೆ ಅಂದ್ರೆ ಆ ಯೂನಿವರ್ಸಿಟಿ ಕಟ್ಟಿ ನಿಲ್ಲಿಸಿದ ಮಂತ್ರಿ ಗೆರ್ಲಾಕ್ ಆಡಾಲ್ಫ್, ಅವನೂ ಮುಂಚೌಸನ್ನೇ, ನಮ್ಮ ಬ್ಯಾರನ್‌ನ ಮನೆತನದೋನು. ಮನೆತನದವರು ಕಟ್ಟಿದ ಯೂನಿವರ್ಸಿಟಿಯ ನೆರಳಲ್ಲೇ ಮನೆತನದ ಹೆಸರು ಹರಾಜಾಯ್ತು. 1788ಕ್ಕೆ ಎರಡನೇ ಆವೃತ್ತಿ, ಇನ್ನೂ ದಪ್ಪ.

ಆಮೇಲೆ ಊರಿಗೆ ಜನ ಬರೋಕೆ ಶುರುವಾದ್ರು. ಬೇಲಿ ಸಂದೀಲಿ ಇಣುಕೋರು, ಒಂದು ಕತೆ ಹೇಳಿ ಸ್ವಾಮಿ ಅನ್ನೋರು. ಆಳುಗಳು ಅವರನ್ನ ಓಡಿಸ್ಬೇಕಾಗಿತ್ತು ಅಂತಾರೆ. 'ಲ್ಯೂಗನ್‌ಬರೋನ್' ಅನ್ನೋ ಅಡ್ಡಹೆಸರು ಅಂಟ್ಕೊಂಡ್ತು, ಸುಳ್ಳಿನ ಬ್ಯಾರನ್ ಅಂತ. ಮುದುಕನಿಗೆ ಸಿಕ್ಕಾಪಟ್ಟೆ ಬೇಜಾರಾಯ್ತು, ಕತೆ ಹೇಳೋದನ್ನೇ ಕಮ್ಮಿ ಮಾಡ್ದ.

ಈಗ ವಕೀಲನ ಥರ ಯೋಚನೆ ಮಾಡೋಣ, ಅವನಿಗೆ ಏನು ದಾರಿ ಇತ್ತು? ಆ ಕಾಲದ ಫ್ರೈಹೆರ್‌ಗೆ ಮರ್ಯಾದೆ ಹೋದ್ರೆ ಕತ್ತಿ ಇತ್ತು, ಆದ್ರೆ ಕತ್ತಿ ಕಾಳಗಕ್ಕೆ ಎದುರಿಗೆ ಒಬ್ಬ ಬೇಕು, ಅವನೂ ಸರಿಸಮನಾಗಿರ್ಬೇಕು. ಇಲ್ಲಿ ಎದುರಿಗೆ ಯಾರು? ಹೆಸರಿಲ್ಲದ ಪುಸ್ತಕ. ಕೋರ್ಟಿಗೆ ಹೋಗೋಣ ಅಂದ್ರೆ ಯಾರ ಮೇಲೆ? ಬರೆದೋನು ಯಾರು ಅಂತ ಗೊತ್ತಿಲ್ಲ, ರಾಸ್ಪೆ ಹೆಸರು ಸಾರ್ವಜನಿಕವಾಗಿ ಹೊರಗೆ ಬಂದಿದ್ದೇ 1824ರಲ್ಲಿ, ಅಷ್ಟೊತ್ತಿಗೆ ಮೂರೂ ಜನ ಮಣ್ಣಾಗಿ ಮೂವತ್ತು ವರ್ಷದ ಹತ್ರ. ಕಾಪಿರೈಟ್ ಅಂತೀರಾ? ಇಂಗ್ಲೆಂಡಲ್ಲಿ 1710ರಿಂದ ಕಾನೂನಿತ್ತು, ಆದ್ರೆ ಅದು ಬರೆದೋನಿಗೆ, ಮಾರೋನಿಗೆ. ಇವನು ಒಂದಕ್ಷರ ಬರೆದಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಯಾವ ಕಾನೂನೂ ಇಲ್ಲ. ಜರ್ಮನ್ ಸಂಸ್ಥಾನಗಳಲ್ಲಂತೂ ಒಬ್ಬರ ಪುಸ್ತಕ ಇನ್ನೊಬ್ಬರು ಗಡಿ ದಾಟಿಸಿ ಕದ್ದು ಅಚ್ಚು ಹಾಕೋದು ದಿನನಿತ್ಯದ ಕಸುಬು. ಉಳಿದಿದ್ದು ಒಂದೇ, ತಾನೇ ಮುಂದೆ ಬಂದು ಇದು ನನ್ನ ಕತೆ, ನಾನೇ ಸರಿಯಾಗಿ ಬರೀತೀನಿ ಕೊಳ್ಳಿ ಅನ್ನೋದು. ಈಗಿನವರಾದ್ರೆ ಮೊದಲ ದಿನವೇ ಅದನ್ನ ಮಾಡ್ತಿದ್ರು, ಚಾನೆಲ್ ತೆಗೆದು ಟೀ ಶರ್ಟು ಮಾರ್ತಿದ್ರು. ಜಮೀನ್ದಾರ ಮನುಷ್ಯ ದುಡ್ಡಿಗೆ ನಗೆಹನಿ ಬರೆಯೋದು ಅಂದ್ರೆ ಹೋಗಿದ್ದ ಮರ್ಯಾದೆ ಮೇಲೆ ತಾನೇ ಸಹಿ ಹಾಕಿದ ಹಂಗೆ. ಅದನ್ನ ಅವನು ಮಾಡ್ಲಿಲ್ಲ.

ಇಲ್ಲೊಂದು ಮಾತು. ಸಾಮಾನ್ಯವಾಗಿ ಈ ಕತೆ ಹೇಳೋರು, ಪುಸ್ತಕ ಅವನ ಬದುಕು ಹಾಳು ಮಾಡ್ತು, ಕೊರಗಿ ಸತ್ತ ಅಂತ ಒಂದೇ ಉಸಿರಲ್ಲಿ ಮುಗಿಸ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಪುಸ್ತಕ ತಗೊಂಡಿದ್ದು ಹೆಸರು. ಮನೆ, ದುಡ್ಡು, ನೆಮ್ಮದಿ ಹೋಗಿದ್ದು ಇನ್ನೊಂದು ಕೇಸಲ್ಲಿ, ಅದಕ್ಕೆ ರಾಸ್ಪೆನೂ ಕಾರಣ ಅಲ್ಲ ಬ್ಯೂರ್ಗರ್‌ನೂ ಅಲ್ಲ.

1790ರಲ್ಲಿ ಯಾಕೊಬಿನೆ ತೀರ್ಕೊಂಡ್ಳು. ಮಕ್ಕಳಿಲ್ಲದ ದೊಡ್ಡ ಮನೆ, ಎಪ್ಪತ್ತರ ಮುದುಕ. 1794ರ ಜನವರಿಯಲ್ಲಿ, 73ನೇ ವಯಸ್ಸಲ್ಲಿ, ಬೆರ್ನಾರ್ಡಿನೆ ಫಾನ್ ಬ್ರುನ್ ಅನ್ನೋ ಹುಡುಗಿಯನ್ನ ಮದುವೆಯಾದ. ಇಬ್ಬರಿಗೂ ಐವತ್ತು ವರ್ಷಕ್ಕೂ ಮೀರಿದ ಅಂತರ. ಒಂಟಿತನಕ್ಕೋ, ವಾರಸುದಾರ ಬೇಕು ಅಂತಲೋ, ಯಾರಾದ್ರೂ ತಲೆಗೆ ತುಂಬಿದ್ರೋ. ಹುಡುಗಿ ಕಡೆಯಿಂದ ನೋಡಿದ್ರೂ ಇದೇನು ಸುಖದ ಮದುವೆ ಅಲ್ಲ, ಆ ಕಾಲದಲ್ಲಿ ಅವಳನ್ನ ಯಾರು ಕೇಳ್ತಾರೆ, ಆದ್ರೆ ನಮಗೆ ಉಳಿದಿರೋ ಕತೆಯೆಲ್ಲಾ ಅವಳನ್ನ ಬೈಯೋದೇ, ಅದನ್ನ ಸ್ವಲ್ಪ ತಡೆದು ಓದಬೇಕು. ಮದುವೆಯಾದ ಸ್ವಲ್ಪ ದಿನಕ್ಕೇ ಹುಷಾರಿಲ್ಲ ಅಂತ ಆ ಬೇಸಿಗೆ ಪೂರ್ತಿ ಪಿರ್ಮೊಂಟ್ ಅನ್ನೋ ಊರಿಗೆ ಹೋದ್ಳು, ಖನಿಜ ನೀರಿನ ಬುಗ್ಗೆಗೆ ಹೆಸರಾದ ಊರು, ದೊಡ್ಡ ಮನೆತನದವರೆಲ್ಲಾ ಆರೋಗ್ಯದ ನೆಪದಲ್ಲಿ ಸೇರೋ ಜಾಗ. ಅಲ್ಲಿ ಕುಣಿತ, ಓಡಾಟ ಅಂತ ಊರವರು ಮಾತಾಡ್ಕೊಂಡ್ರು. 1795ರ ಫೆಬ್ರವರಿ 16ಕ್ಕೆ ಹೆಣ್ಣು ಮಗು, ಮರಿಯಾ ವಿಲ್ಹೆಲ್ಮಿನಾ. ಬ್ಯಾರನ್, ಮಗು ನನ್ನದಲ್ಲ ಅಂತ ಅಧಿಕೃತವಾಗಿ ದೂರು ಕೊಟ್ಟ.

ವಿಚ್ಛೇದನ, ಜೀವನಾಂಶ, ಕಾಗದ ಪತ್ರ, ವಕೀಲರು. ಗೆದ್ದೋನು ಸೋತ ಸೋತೋನು ಸತ್ತ ಅಂತಾರಲ್ಲ, ಅದು ಅಲ್ಲೂ ಹಂಗೇ. ಕೊನೆಯ ಎರಡು ವರ್ಷ ಪೂರ್ತಿ ಇದಕ್ಕೇ ಹೋಯ್ತು, ಕೈಲಿದ್ದ ದುಡ್ಡೂ ಹೋಯ್ತು. ನನಗೆ ಕಾಡೋದು ಒಂದೇ. ನಲವತ್ತು ವರ್ಷ ಗಂಭೀರ ಮುಖ ಇಟ್ಕೊಂಡು ಚರ್ಚ್ ಗೋಪುರದ ಕುದುರೆ ಕತೆ ಹೇಳಿದ ಮನುಷ್ಯ, ಈಗ ಅದೇ ಗಂಭೀರ ಮುಖದಲ್ಲಿ 'ನಾನು ಹೇಳ್ತಿರೋದು ಸತ್ಯ' ಅಂತ ಸಹಿ ಹಾಕಿ ಕೊಡ್ಬೇಕು. ಸಹಿ ಮಾಡೋ ಹೆಸರು ಮುಂಚೌಸನ್. ಅಷ್ಟೊತ್ತಿಗೆ ಹತ್ತು ವರ್ಷದಿಂದ ಆ ಹೆಸರಿನ ಪುಸ್ತಕ ಜರ್ಮನ್ ಓದೋಕೆ ಬರೋ ಊರೂರಲ್ಲಿ. ಎರಡು ಕೇಸು ಒಂದಕ್ಕೊಂದು ತಾಗೋದು ಆ ಸಹಿ ಹತ್ರ ಮಾತ್ರ.

1797ರ ಫೆಬ್ರವರಿ 22ಕ್ಕೆ ಸತ್ತ. ಹತ್ರದ ಕೆಮ್ನಾಡೆ ಚರ್ಚಲ್ಲಿ ಹೂತಿದಾರೆ. ಬ್ಯೂರ್ಗರ್, ರಾಸ್ಪೆ ಇಬ್ರೂ ಅವನಿಗಿಂತ ಮುಂಚೆ, 1794ರಲ್ಲೇ, ಅವನ ಎರಡನೇ ಮದುವೆ ಆದ ವರ್ಷದಲ್ಲೇ ಹೋಗಿದ್ರು, ರಾಸ್ಪೆ ಐರ್ಲೆಂಡಿನ ಒಂದು ಗಣಿ ಊರಲ್ಲಿ ಜ್ವರ ಬಂದು. ಹುಟ್ಟಿದ ಮನೆ ಈಗ ಬೋಡೆನ್‌ವೆರ್ಡರ್‌ನ ಪುರಸಭೆ ಕಚೇರಿ. ಎದುರಿಗೆ ಒಂದು ಕಾರಂಜಿ ಇದೆ, ಅರ್ಧ ಕುದುರೆ ನೀರು ಕುಡೀತಾ ಇರುತ್ತೆ, ಕುಡಿದ ನೀರು ಹಿಂದಿನಿಂದ ಸುರೀತಾ ಇರುತ್ತೆ, ಅದೂ ಕತೇದೇ. ಲಾಟ್ವಿಯಾದ ಡುಂಟೆಯಲ್ಲೂ ಒಂದು ಮ್ಯೂಸಿಯಂ ಇದೆ. ಬದುಕಿದ್ದಾಗ ಓಡಿಸ್ತಿದ್ದ ಜನರನ್ನ ಈಗ ಟಿಕೆಟ್ ಕೊಟ್ಟು ಕರೀತಾರೆ.

1951ರಲ್ಲಿ ರಿಚರ್ಡ್ ಆಶರ್ ಅನ್ನೋ ಇಂಗ್ಲಿಷ್ ಡಾಕ್ಟರು ದಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಆ ಸಿಂಡ್ರೋಮ್‌ಗೆ ಹೆಸರಿಟ್ಟಾಗ ಬರೆದಿದ್ದು ರಾಸ್ಪೆ ಬಳಸಿದ ಇಂಗ್ಲಿಷ್ ಸ್ಪೆಲ್ಲಿಂಗ್, ಅದರಲ್ಲಿ ಮನೆತನದ ಹೆಸರಿನ ಒಂದು ಅಕ್ಷರ ಕಮ್ಮಿ, 'ಯು' ಮೇಲಿನ ಎರಡು ಚುಕ್ಕಿನೂ ಇಲ್ಲ. ಹಾಗಾಗಿ ಕಾಯಿಲೆಗೆ ಇರೋದು ಪುಸ್ತಕದ ಹೆಸರೇ ಹೊರತು ಮನುಷ್ಯನದ್ದಲ್ಲ ಅಂತ ವಾದ ಮಾಡ್ಬಹುದು. ಮಾಡೋಕೆ ಹೊರಟೆ, ಆಮೇಲೆ ನೋಡ್ಕೊಂಡ್ರೆ ಬೋಡೆನ್‌ವೆರ್ಡರ್ ಕಡೆಯವರು ಕರೆಯೋದು ಮ್ಯೂನ್ಶ್‌ಹೌಸನ್ ಅಂತ, ನಾನು ಮೇಲಿಂದ ಇಲ್ಲೀತನಕ ಬರೆದಿರೋದೆಲ್ಲಾ ರಾಸ್ಪೆ ಕೊಟ್ಟ ಹೆಸರೇ.